ಕೆಮಿಸ್ಟ್ರಿ ಓದಿ ಕಾಮಿಕ್ಸ್ ಕಟ್ಟಿದ ಕಾರ್ಕಳದ ಹುಡುಗ

ಇಂಜಿನಿಯರಿಂಗ್ ಓದಿದವರು ಇಂಜಿನಿಯರೇ ಆಗಬೇಕಾ? ಬಿ.ಇ. ಮೂರನೇ ವರ್ಷಕ್ಕೆ ಬಂದ ಯಾರನ್ನೇ ಕೇಳಿ, ಈ ಪ್ರಶ್ನೆ ತಲೆಯಲ್ಲಿ ಓಡದೇ ಇರುವುದಿಲ್ಲ. ಒಬ್ಬ ಬೆಂಗಳೂರಿನ ಐಟಿ ಕಂಪನಿ ಅಂತಾನೆ, ಇನ್ನೊಬ್ಬ ಕೆಎಎಸ್ ಅಂತಾನೆ, ಮತ್ತೊಬ್ಬ ಪಿಎಸ್‌ಐ ಅರ್ಜಿಗೆ ಫೋಟೊ ತೆಗೆಸಿಕೊಂಡು ಬಂದಿರುತ್ತಾನೆ. ಇವರ ನಡುವೆ ಯಾರಾದರೂ ತನಗೆ ಇಷ್ಟವಾದ ಕೆಲಸ ಬೇರೆಯೇ ಇದೆ ಎಂದರೆ ಎಲ್ಲರೂ ಅವನ ಮುಖ ನೋಡುತ್ತಾರೆ. ಇಷ್ಟದ ಕೆಲಸ ಹೊಟ್ಟೆ ತುಂಬಿಸುತ್ತಾ ಎಂಬುದು ಆ ನೋಟದ ಅರ್ಥ.

ಅದು ತಪ್ಪು ಪ್ರಶ್ನೆಯೇನಲ್ಲ. ನಮ್ಮ ಕಲಬುರಗಿ ಕಡೆ ತೊಗರಿ ಬೆಳೆಯುವ ಮನೆಗಳಲ್ಲಿ ಮಗ ಓದುತ್ತಿದ್ದಾನೆ ಎಂದರೆ ಅದರ ಹಿಂದೆ ಒಂದು ಲೆಕ್ಕ ಇರುತ್ತದೆ. ಮಳೆ ಕೈಕೊಟ್ಟರೂ, ದರ ಬಿದ್ದರೂ ತಿಂಗಳಿಗೊಮ್ಮೆ ಬರುವ ಪಗಾರ ಬೇಕು ಎಂಬ ಲೆಕ್ಕ. ಅದಕ್ಕೇ ನಾನು ಇಲ್ಲಿ ಹೇಳಹೊರಟಿರುವುದು ಡಿಗ್ರಿ ಬಿಸಾಕಿ ಕನಸಿನ ಹಿಂದೆ ಓಡಿದವರ ಕಥೆಯಲ್ಲ. ಡಿಗ್ರಿ ಮಾಡಿ, ಇಷ್ಟದ ಕೆಲಸಕ್ಕೆ ಕೈಹಾಕಿ, ಸೋತು, ನೌಕರಿಗೆ ಸೇರಿ, ಆ ನೌಕರಿಯಲ್ಲೇ ಕಸುಬು ಕಲಿತು, ಆಮೇಲೆ ದೊಡ್ಡದೊಂದನ್ನು ಕಟ್ಟಿದವರ ಕಥೆ. ಅವರು ಅನಂತ ಪೈ. ಅಮರ ಚಿತ್ರ ಕಥೆ ಮತ್ತು ಟಿಂಕಲ್‌ನ ಸಂಪಾದಕರು. ದೇಶದ ಮಕ್ಕಳೆಲ್ಲ ಅವರನ್ನು ಕರೆದದ್ದು ಅಂಕಲ್ ಪೈ ಎಂದು. ಅವರು ತೀರಿಕೊಂಡಾಗ ನಾನು ಕಮಲಾಪುರದ ಅಂಗನವಾಡಿಯಲ್ಲಿದ್ದೆ. ಅವರ ಹೆಸರು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಸೋದರಮಾವನ ಟ್ರಂಕಿನಲ್ಲಿ ಸಿಕ್ಕ ಹಳೆಯ ಅಮರ ಚಿತ್ರ ಕಥೆಗಳ ಒಳಪುಟದಲ್ಲಿ.

ತಬ್ಬಲಿ ಹುಡುಗ, ಮುಂಬೈ ದಾರಿ

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ ಪೈ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಂದೆ-ತಾಯಿ ಇಬ್ಬರೂ ಇರಲಿಲ್ಲ. ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಹನ್ನೆರಡನೇ ವಯಸ್ಸಿಗೆ ಮುಂಬೈ ಸೇರಿದ. ಮಾಹಿಮ್‌ನ ಓರಿಯಂಟ್ ಸ್ಕೂಲಿನಲ್ಲಿ ಓದು ಮುಂದುವರಿಯಿತು. ನಂತರ ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ. ಮುಂಬೈ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ ಆಗಲೂ ದೊಡ್ಡ ಹೆಸರಿನ ಜಾಗ. ಅಲ್ಲಿಂದ ಹೊರಬಂದವರಿಗೆ ಬಣ್ಣ, ಬಟ್ಟೆ, ಔಷಧ ಕಾರ್ಖಾನೆಗಳ ಬಾಗಿಲು ತೆರೆದಿರುತ್ತಿತ್ತು.

ಆದರೆ ಪೈ ಅವರ ಮನಸ್ಸು ಇದ್ದದ್ದು ಅಚ್ಚಿನ ಮನೆಯ ಕಡೆಗೆ. 1954ರಲ್ಲಿ, ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, ಮಾನವ್ ಎಂಬ ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ಹೆಚ್ಚು ದಿನ ನಡೆಯಲಿಲ್ಲ.

ಸಾಧಕರ ಜೀವನ ಹೇಳುವಾಗ ಈ ಸಾಲನ್ನು ನಾವು ಬೇಗ ದಾಟಿಬಿಡುತ್ತೇವೆ. ಮುಂದೆ ಗೆದ್ದರಲ್ಲ, ಬಿಡಿ ಎನ್ನುತ್ತೇವೆ. ಆದರೆ ನನಗೆ ಅವರ ಇಡೀ ಬದುಕಿನಲ್ಲಿ ಹೆಚ್ಚು ಕಾಡಿದ್ದು ಇದೇ ಸಾಲು. 1954ರಲ್ಲಿ ಆ ಯುವಕನಿಗೆ ಮುಂದಿನದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಕೈಯಲ್ಲಿ ಒಳ್ಳೆಯ ಡಿಗ್ರಿ ಇದೆ, ಇಷ್ಟಪಟ್ಟು ಮಾಡಿದ ಪತ್ರಿಕೆ ನಿಂತುಹೋಗಿದೆ. ಹಿಂದೆ ಬೆನ್ನು ತಟ್ಟಲು ಅಪ್ಪ-ಅವ್ವ ಇಲ್ಲ.

ಮಾಸಪತ್ರಿಕೆ ನಡೆಸುವುದು ಎಷ್ಟು ಕಷ್ಟ ಎಂದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ಕಾಗದಕ್ಕೆ, ಅಚ್ಚಿಗೆ, ಟಪಾಲಿಗೆ ದುಡ್ಡು ಮೊದಲೇ ಕೊಡಬೇಕು. ಅಂಗಡಿಯವನು ದುಡ್ಡು ಕೊಡುವುದು ಮಾರಾಟವಾದ ಮೇಲೆ. ಒಂದು ತಿಂಗಳು ಕಳೆದರೆ ಉಳಿದ ಪ್ರತಿಗಳು ರದ್ದಿ. ಒಳಗೆ ಎಷ್ಟೇ ಒಳ್ಳೆಯ ಕಥೆ ಇರಲಿ, ಓದುವವನ ಕೈಗೆ ತಲುಪಿಸುವ ವ್ಯವಸ್ಥೆ ಇಲ್ಲದಿದ್ದರೆ ಪತ್ರಿಕೆ ಉಳಿಯುವುದಿಲ್ಲ. ಚೆನ್ನಾಗಿ ಬರೆಯುವುದು ಒಂದು ವಿದ್ಯೆ, ಅದನ್ನು ಮಾರುವುದು ಇನ್ನೊಂದು ವಿದ್ಯೆ.

ನೌಕರಿಯೇ ಎರಡನೇ ಕಾಲೇಜು

ಪೈ ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಮೂಹದ ಪುಸ್ತಕ ವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದರು. ಸ್ವಂತ ಪತ್ರಿಕೆಯ ಸಂಪಾದಕನಾಗಿದ್ದವನು ಇನ್ನೊಬ್ಬರ ಕಚೇರಿಯಲ್ಲಿ ಕಿರಿಯ ಅಧಿಕಾರಿ. ನಮ್ಮಲ್ಲಿ ಎಷ್ಟೋ ಜನ ಇದನ್ನು ಸೋಲು ಎಂದೇ ಕರೆಯುತ್ತಾರೆ. ಆದರೆ ಅವರು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರು. ಆ ಸಂಸ್ಥೆ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರತಂದಿತು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್, ಮಾಂಡ್ರೇಕ್ ಮುಂತಾದವರು ಭಾರತದ ಮನೆಗಳಿಗೆ ಬಂದದ್ದು ಈ ಪುಸ್ತಕಗಳ ಮೂಲಕ. ಇಂಗ್ಲಿಷ್, ಹಿಂದಿ ಮಾತ್ರವಲ್ಲ, ಕನ್ನಡದಲ್ಲೂ ಇಂದ್ರಜಾಲ ಬಂದಿತ್ತು.

ಒಂದು ಕಾಮಿಕ್ಸ್ ಹೇಗೆ ಹುಟ್ಟುತ್ತದೆ, ಅದನ್ನು ಯಾರು ಕೊಳ್ಳುತ್ತಾರೆ, ಹತ್ತು ಭಾಷೆಗೆ ಹೇಗೆ ಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಆಗ ದೇಶದಲ್ಲಿ ಇರಲಿಲ್ಲ. ಚಿತ್ರಕಥೆಗೆ ಒಂದು ತಾಂತ್ರಿಕ ಅನುಕೂಲ ಇದೆ. ಬಣ್ಣದ ಮುದ್ರಣದಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು ಎಂದು ಬೇರೆ ಬೇರೆ ಪ್ಲೇಟುಗಳು ಇರುತ್ತವೆ. ಪಾತ್ರಗಳ ಮಾತು ಇರುವುದು ಕಪ್ಪಿನಲ್ಲಿ. ಕಪ್ಪು ಪ್ಲೇಟ್ ಒಂದನ್ನು ಬದಲಿಸಿದರೆ ಅದೇ ಚಿತ್ರ ಕನ್ನಡದಲ್ಲೂ ಮಾತಾಡುತ್ತದೆ, ಬಂಗಾಳಿಯಲ್ಲೂ ಮಾತಾಡುತ್ತದೆ. ಚಿತ್ರ ಬಿಡಿಸುವ ಖರ್ಚು ಒಮ್ಮೆ, ಮಾರುಕಟ್ಟೆ ಹಲವು. ಭಾರತದಂಥ ದೇಶಕ್ಕೆ ಇದಕ್ಕಿಂತ ಒಪ್ಪುವ ವ್ಯಾಪಾರ ಯಾವುದಿದೆ?

ದೆಹಲಿಯ ಅಂಗಡಿಯಲ್ಲಿ ನೋಡಿದ ಟಿವಿ

1967ರ ಫೆಬ್ರವರಿ. ಆಗ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ದೆಹಲಿಗೆ ಹೋಗಿದ್ದ ಪೈ ಒಂದು ಪುಸ್ತಕದಂಗಡಿಯಲ್ಲಿ ನಿಂತು ದೂರದರ್ಶನದ ಕ್ವಿಜ್ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ವಿದ್ಯಾರ್ಥಿಗಳು ಪಟ್ಟನೆ ಉತ್ತರ ಹೇಳಿದರು. ರಾಮನ ತಾಯಿ ಯಾರು ಎಂದು ಕೇಳಿದಾಗ ಯಾರಿಗೂ ಹೇಳಲಾಗಲಿಲ್ಲ. ಈ ಘಟನೆಯನ್ನು ಪೈ ಮುಂದೆ ಜೀವನದುದ್ದಕ್ಕೂ ಹೇಳುತ್ತಿದ್ದರು.

ಟಿವಿ ನೋಡಿ ಬೇಜಾರಾಗುವವರು ಸಾವಿರ ಜನ. ಅದನ್ನು ಸರಿಪಡಿಸುವ ದಾರಿ ಇವರಿಗೆ ಹೊಳೆದದ್ದು ಏಕೆ? ಹಿಂದಿನ ವರ್ಷಗಳಲ್ಲಿ ಇಂದ್ರಜಾಲದ ಕೆಲಸ ಮಾಡಿದ್ದರಿಂದ. ಫ್ಯಾಂಟಮ್ ಕಥೆಗಾಗಿ ಮಕ್ಕಳು ಹೇಗೆ ಕಾಯುತ್ತಾರೆಂದು ಅವರು ನೋಡಿದ್ದರು. ಅದೇ ರೂಪದಲ್ಲಿ ನಮ್ಮ ಪುರಾಣ, ನಮ್ಮ ಇತಿಹಾಸ ಕೊಟ್ಟರೆ ಮಕ್ಕಳು ಏಕೆ ಓದುವುದಿಲ್ಲ? ಮೂವತ್ತೇಳನೇ ವಯಸ್ಸಿನಲ್ಲಿ ಕೈಯಲ್ಲಿದ್ದ ನೌಕರಿ ಬಿಟ್ಟರು. ಈ ಯೋಚನೆ ಹಿಡಿದುಕೊಂಡು ಹೋದಲ್ಲೆಲ್ಲ ಪ್ರಕಾಶಕರು ಆಗದು ಎಂದರು. ಕೊನೆಗೆ ಒಪ್ಪಿದವರು ಇಂಡಿಯಾ ಬುಕ್ ಹೌಸ್‌ನ ಜಿ.ಎಲ್. ಮೀರ್‌ಚಂದಾನಿ.

ಮೊದಲ ಹತ್ತು ಕನ್ನಡದ್ದು

ಇಲ್ಲಿ ನಮ್ಮ ಕನ್ನಡದ ಒಂದು ಸಂಗತಿ ಇದೆ. ಪೈ ಅವರ ಮೊದಲ ಪುಸ್ತಕ ಕೃಷ್ಣ. ಚಿತ್ರ ಬಿಡಿಸಿದವರು ರಾಮ್ ವಾಯೀರ್‌ಕರ್. ಆದರೆ ಆ ಪುಸ್ತಕದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಅವು ಕನ್ನಡದಲ್ಲಿ ಬಂದಿದ್ದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲೇ ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳನ್ನು ಕನ್ನಡಕ್ಕೆ ತಂದಿದ್ದರು. ಅವು ಚೆನ್ನಾಗಿ ಮಾರಾಟವಾದವು. ಆ ಯಶಸ್ಸೇ ಮುಂಬೈನ ಮುಖ್ಯ ಕಚೇರಿಗೆ ಧೈರ್ಯ ಕೊಟ್ಟಿತು, ನಂತರ ಪೈ ಬಂದು ತಂಡ ಕಟ್ಟಿದರು ಎಂಬುದು ಅನಂತರಾಮ್ ಅವರ ಮಾತಿನ ಸಾರ. ಪೈ ಕಡೆಯಿಂದ ಕಥೆ ಶುರುವಾಗುವುದು ದೆಹಲಿಯ ಟಿವಿಯಿಂದ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನಿಸುವುದು ಇಷ್ಟು. ಹೆಸರು ಮತ್ತು ಮೊದಲ ಪ್ರಯೋಗ ಕನ್ನಡ ನೆಲದ್ದು, ನಮ್ಮ ಕಥೆಗಳನ್ನೇ ಹೇಳಬೇಕೆಂಬ ಹಟ ಪೈ ಅವರದ್ದು. ಕಾರ್ಕಳದ ಅನಂತ ಮತ್ತು ಬೆಂಗಳೂರಿನ ಅನಂತರಾಮ್, ಇಬ್ಬರೂ ಸೇರಿಯೇ ಅದು ಅಮರ ಚಿತ್ರ ಕಥೆ. ಕಂಪನಿಗಳ ಚರಿತ್ರೆಯಲ್ಲಿ ಒಬ್ಬರ ಹೆಸರು ಮಾತ್ರ ಉಳಿಯುತ್ತದೆ. ನಾವು ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗಲೂ ಇದನ್ನು ನೆನಪಿಡುವುದು ಒಳ್ಳೆಯದು.

ಪೆಟ್ರೋಲ್ ಬಂಕಿನಲ್ಲಿ ಪುಸ್ತಕ

ಕೃಷ್ಣ ಬಂತು ಎಂದ ಕೂಡಲೇ ಜನ ಮುಗಿಬೀಳಲಿಲ್ಲ. ಮೊದಲ ವರ್ಷಗಳಲ್ಲಿ ಮಾರಾಟ ತೀರಾ ನಿಧಾನ. ಕಾಮಿಕ್ಸ್ ಓದಿದರೆ ಮಕ್ಕಳು ಹಾಳಾಗುತ್ತಾರೆ ಎಂದು ಮೇಷ್ಟ್ರುಗಳು, ತಂದೆ-ತಾಯಂದಿರು ನಂಬಿದ್ದ ಕಾಲ. ಪುಸ್ತಕದಂಗಡಿಗೆ ಬರುವವರೇ ಕಡಿಮೆ. ಸಂಪಾದಕರಾದ ಪೈ ಮೇಜಿನ ಹಿಂದೆ ಕೂರಲಿಲ್ಲ. ಜನ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಪುಸ್ತಕ ಇಡಬೇಕೆಂದು ಹೋಟೆಲು, ಪೆಟ್ರೋಲ್ ಬಂಕ್‌ಗಳಲ್ಲಿ ಪುಸ್ತಕದ ಸ್ಟ್ಯಾಂಡ್ ಇಡಿಸಿದರು. ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಮಾತಾಡಿದರು.

ಶಾಲೆಗಳ ಅನುಮಾನ ಹೋಗಲಾಡಿಸಲು ಅವರು ಮಾಡಿದ್ದು ಒಬ್ಬ ವಿಜ್ಞಾನದ ವಿದ್ಯಾರ್ಥಿ ಮಾಡುವ ಕೆಲಸ. ಕೇಂದ್ರೀಯ ವಿದ್ಯಾಲಯಗಳಲ್ಲಿ ಒಂದು ಗುಂಪಿಗೆ ಪಠ್ಯದ ಮೂಲಕ, ಇನ್ನೊಂದು ಗುಂಪಿಗೆ ಚಿತ್ರಕಥೆಯ ಮೂಲಕ ಇತಿಹಾಸ ಕಲಿಸಿ ಹೋಲಿಸುವ ಪ್ರಯೋಗ ನಡೆಯಿತು. ಚಿತ್ರಕಥೆ ಓದಿದವರೇ ಮುಂದಿದ್ದರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರದ ಬಗ್ಗೆ ವಿಚಾರ ಸಂಕಿರಣವೇ ಏರ್ಪಟ್ಟಿತು. ಬೈದವರಿಗೆ ಬೈಗುಳದಿಂದ ಉತ್ತರ ಕೊಡದೆ ಅಂಕಿ-ಅಂಶ ಮುಂದಿಟ್ಟರು. ಅವರು ಓದಿದ ಕೆಮಿಸ್ಟ್ರಿ ವ್ಯರ್ಥವಾಯಿತು ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇನ್ನೊಂದು ಜಾಣತನ ನನಗೆ ನಿಧಾನವಾಗಿ ಅರ್ಥವಾಯಿತು. ಮಾನವ್ ಪತ್ರಿಕೆಯಾಗಿತ್ತು. ಅಮರ ಚಿತ್ರ ಕಥೆ ನೋಡಲು ಪತ್ರಿಕೆಯ ಹಾಗಿದ್ದರೂ ಅದು ಪುಸ್ತಕ. ತೆಳ್ಳಗಿನ 32 ಪುಟ, ಕಡಿಮೆ ಬೆಲೆ, ಒಂದರ ಹಿಂದೆ ಒಂದು ಸಂಖ್ಯೆ. ಆದರೆ ಇಂದಿನ ಸುದ್ದಿ ಅದರಲ್ಲಿ ಇಲ್ಲದ್ದರಿಂದ ಹಳತಾಗುವುದಿಲ್ಲ. ಈ ತಿಂಗಳು ಮಾರಾಟವಾಗದ ಕೃಷ್ಣ ಐದು ವರ್ಷ ಬಿಟ್ಟು ಮಾರಾಟವಾಗಬಹುದು, ಮತ್ತೆ ಅಚ್ಚಾಗಬಹುದು. ಒಂದನ್ನು ಓದಿದ ಹುಡುಗ ಹಿಂದಿನ ಐವತ್ತನ್ನು ಕೇಳುತ್ತಾನೆ. ಹೀಗಾಗಿ ಎಪ್ಪತ್ತರ ದಶಕದ ಕೊನೆಗೆ ವರ್ಷಕ್ಕೆ 50 ಲಕ್ಷ ಪ್ರತಿಗಳು ಹೋಗತೊಡಗಿದವು. ಮೀರಾಬಾಯಿ, ಕೃಷ್ಣದೇವರಾಯ, ಪುರಂದರದಾಸ, ಟಿಪ್ಪು ಸುಲ್ತಾನ್, ತೆನಾಲಿ ರಾಮ, ಜಗದೀಶಚಂದ್ರ ಬೋಸ್, ಬಾಬಾಸಾಹೇಬ ಅಂಬೇಡ್ಕರ್ ಹೀಗೆ ಪಟ್ಟಿ ಬೆಳೆಯಿತು. ಒಟ್ಟು 400ಕ್ಕೂ ಹೆಚ್ಚು ಶೀರ್ಷಿಕೆಗಳು.

ಸ್ವಂತ ಸಂಸ್ಥೆ, ಟಿಂಕಲ್, ಸುಪ್ಪಂಡಿ

ಅಮರ ಚಿತ್ರ ಕಥೆಗೆ ಹಣ ಹಾಕಿದ್ದು ಇಂಡಿಯಾ ಬುಕ್ ಹೌಸ್. ಪೈ ಅಲ್ಲಿ ಸಂಪಾದಕರು. ಜೊತೆಗೆ 1969ರಲ್ಲಿ ಅವರು ರಂಗರೇಖಾ ಫೀಚರ್ಸ್ ಎಂಬ ತಮ್ಮದೇ ಸಂಸ್ಥೆ ತೆರೆದರು. ಭಾರತದ ಮೊದಲ ಕಾಮಿಕ್ಸ್ ಮತ್ತು ವ್ಯಂಗ್ಯಚಿತ್ರ ಸಿಂಡಿಕೇಟ್ ಅದು. ಸಿಂಡಿಕೇಟ್ ಎಂದರೆ ಒಂದು ಚಿತ್ರಪಟ್ಟಿಯನ್ನು ಒಮ್ಮೆ ತಯಾರಿಸಿ ಬೇರೆ ಬೇರೆ ಊರಿನ, ಬೇರೆ ಬೇರೆ ಭಾಷೆಯ ಪತ್ರಿಕೆಗಳಿಗೆ ಕೊಡುವುದು. ಒಂದೊಂದು ಪತ್ರಿಕೆ ಕೊಡುವುದು ಸ್ವಲ್ಪವೇ, ಒಟ್ಟು ಸೇರಿದರೆ ಕಲಾವಿದನ ಸಂಭಾವನೆಗೆ ದಾರಿಯಾಗುತ್ತದೆ. ಬೇಕಾದಷ್ಟು ಬಾಲ ಉದ್ದ ಮಾಡಿಕೊಳ್ಳುವ ಕಪೀಶ್ ಎಂಬ ಕೋತಿ ಪೈ ಮತ್ತು ಕಲಾವಿದ ಮೋಹನ್‌ದಾಸ್ ಜೋಡಿಯ ಸೃಷ್ಟಿ.

1980ರ ನವೆಂಬರ್‌ನಲ್ಲಿ ಟಿಂಕಲ್ ಬಂತು. ಆಗ ಪೈ ಅವರಿಗೆ 51 ವರ್ಷ. ಹೆಸರು ಹುಟ್ಟಿದ್ದು ಒಂದು ಮೀಟಿಂಗಿನಲ್ಲಿ. ನಡುವೆ ಫೋನ್ ಬಂತು. ಆಮೇಲೆ ಟಿಂಕಲ್ ಕೊಡುತ್ತೇನೆ ಎಂಬರ್ಥದ ಇಂಗ್ಲಿಷ್ ಮಾತು ಹೇಳಿ ಪೈ ಫೋನ್ ಇಟ್ಟರು. ಅದನ್ನೇ ಹೆಸರು ಮಾಡಬಾರದೇಕೆ ಎಂದು ಸಹ ಸಂಪಾದಕ ಸುಬ್ಬರಾವ್ ಕೇಳಿದರು. ಇಪ್ಪತ್ತಾರು ವರ್ಷಗಳ ಹಿಂದೆ ನಿಂತುಹೋದ ಮಕ್ಕಳ ಪತ್ರಿಕೆಯ ಆಸೆ ಹೀಗೆ ಎರಡನೇ ಬಾರಿ ಚಿಗುರಿತು. ಈ ಸಲ ನಿಲ್ಲಲಿಲ್ಲ.

ಟಿಂಕಲ್‌ನ ಗುಟ್ಟು ಮಕ್ಕಳ ಕಾಗದಗಳಲ್ಲಿತ್ತು. ಓದುಗರು ತಮ್ಮ ಊರಿನ ಕಥೆಗಳನ್ನು ಬರೆದು ಕಳಿಸುತ್ತಿದ್ದರು, ಚೆನ್ನಾಗಿದ್ದವು ಚಿತ್ರಕಥೆಯಾಗುತ್ತಿದ್ದವು. ಹೇಳಿದ್ದನ್ನು ಅಕ್ಷರಶಃ ಮಾಡಿ ಯಜಮಾನನ ತಲೆ ಕೆಡಿಸುವ ಸುಪ್ಪಂಡಿ ಬಂದದ್ದು ಹೀಗೇ, ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಜನಪದ ಕಥೆಯಿಂದ. ಕಣ್ಣು ಮುಚ್ಚುವ ಟೋಪಿ ಹಾಕಿಕೊಂಡು ಹೆದರುತ್ತಲೇ ಗೆಲ್ಲುವ ಶಿಕಾರಿ ಶಂಭು, ಕಾಲಿಯಾ ಕಾಗೆ ಎಲ್ಲರೂ ಮನೆಮಂದಿಯಾದರು. ಮಕ್ಕಳಿಗೆ ಉಪದೇಶ ಮಾಡುವ ಸಂಪಾದಕನಾಗದೆ ಕಾಗದಕ್ಕೆ ಉತ್ತರಿಸುವ ಅಂಕಲ್ ಆದದ್ದೇ ಅವರ ದೊಡ್ಡ ಗೆಲುವು.

ನಮ್ಮ ವಯಸ್ಸಿನವರನ್ನೂ ಅವರು ಮರೆತಿರಲಿಲ್ಲ. 1978ರಲ್ಲಿ ಪಾರ್ಥ ಎಂಬ ವ್ಯಕ್ತಿತ್ವ ವಿಕಸನ ಸಂಸ್ಥೆ ಸ್ಥಾಪಿಸಿ ಹದಿಹರೆಯದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಇಂದು ಸಾವಿರಾರು ರೂಪಾಯಿ ಫೀ ಕಟ್ಟಿಸಿಕೊಂಡು ಸಾಫ್ಟ್ ಸ್ಕಿಲ್ಸ್ ಎಂದು ಕಲಿಸುವುದನ್ನು ಅವರು ಟಪಾಲಿನಲ್ಲಿ ಕಲಿಸುತ್ತಿದ್ದರು.

ಕಪ್ಪು ಬಣ್ಣದ ಪ್ರಶ್ನೆ

ಹೊಗಳಿಕೆ ಮಾತ್ರ ಬರೆದರೆ ಅನಂತ ಪೈ ಅವರಿಗೂ ನ್ಯಾಯವಲ್ಲ, ಓದುವ ನಿಮಗೂ ಅಲ್ಲ. ಅಮರ ಚಿತ್ರ ಕಥೆಯ ಬಗ್ಗೆ ವಿದ್ವಾಂಸರು ಗಟ್ಟಿಯಾದ ಆಕ್ಷೇಪಗಳನ್ನು ಎತ್ತಿದ್ದಾರೆ. ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಹೆಣ್ಣುಮಕ್ಕಳು ಹೆಚ್ಚಾಗಿ ತ್ಯಾಗಕ್ಕೆ, ಸಹನೆಗೆ ಮೀಸಲು. ಭಾರತದ ಕಥೆ ಎಂದರೆ ಬಹುಪಾಲು ಮೇಲ್ಜಾತಿಯವರ ಪುರಾಣ ಮತ್ತು ರಾಜರ ಕಥೆ.

ನಾನು ಕಪ್ಪಗಿದ್ದೇನೆ. ಚಿಕ್ಕವನಿದ್ದಾಗ ಶಾಲೆಯ ನಾಟಕದಲ್ಲಿ ನನಗೆ ಯಾವಾಗಲೂ ಸಿಗುತ್ತಿದ್ದದ್ದು ರಾಕ್ಷಸನ ಪಾತ್ರ. ಆಗ ಅದು ಖುಷಿಯೇ, ಜೋರಾಗಿ ನಗಬಹುದಿತ್ತು. ಮುಂದೆ ಮಾವನ ಟ್ರಂಕಿನ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಪಾತ್ರ ಹಂಚಿದ ಮೇಷ್ಟ್ರಿಗೆ ಆ ಕಲ್ಪನೆ ಎಲ್ಲಿಂದ ಬಂದಿರಬಹುದು ಎಂದು ಯೋಚಿಸಿದೆ. ಚಿತ್ರ ಅಕ್ಷರಕ್ಕಿಂತ ಆಳಕ್ಕೆ ಇಳಿಯುತ್ತದೆ. ಅದೇ ಅದರ ಶಕ್ತಿ, ಅದೇ ಅಪಾಯ. ಆದರೆ ಅದೇ ಟ್ರಂಕಿನಲ್ಲಿ ಬಾಬಾಸಾಹೇಬರ ಪುಸ್ತಕವೂ ಇತ್ತು. ಶಾಲೆಯಲ್ಲಿ ಬೇರೆ ಕೂರಬೇಕಾಗಿದ್ದ ಹುಡುಗ ದೇಶದ ಸಂವಿಧಾನ ಬರೆಯುವ ತನಕ ಬೆಳೆದದ್ದನ್ನು ನಾನು ಮೊದಲು ಚಿತ್ರದಲ್ಲಿ ನೋಡಿದ್ದು ಅಲ್ಲಿ. ಆದ್ದರಿಂದ ಪೂರ್ತಿ ತಿರಸ್ಕರಿಸಲೂ ನನ್ನಿಂದ ಆಗುವುದಿಲ್ಲ. ಪೈ ಒಂದು ದೊಡ್ಡ ರಸ್ತೆ ಹಾಕಿದರು. ಅದು ಎಲ್ಲ ಓಣಿಗಳನ್ನೂ ಮುಟ್ಟಲಿಲ್ಲ. ಉಳಿದ ಓಣಿಗಳ ಕೆಲಸ ನಮ್ಮ ತಲೆಮಾರಿನದು.

ಕೊನೆಯ ದಿನಗಳು

ಟಿವಿ ಮನೆಮನೆಗೆ ಬಂದ ಮೇಲೆ ಕಾಮಿಕ್ಸ್ ಮಾರಾಟ ಇಳಿಯಿತು. ಪುರಾಣವೇ ಧಾರಾವಾಹಿಯಾಗಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. 2007ರಲ್ಲಿ ಅಮರ ಚಿತ್ರ ಕಥೆ ಮತ್ತು ಟಿಂಕಲ್ ಎರಡೂ ಎಸಿಕೆ ಮೀಡಿಯಾ ಎಂಬ ಹೊಸ ಕಂಪನಿಯ ಕೈಗೆ ಹೋದವು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್‌ನಲ್ಲಿ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಹೃದಯಾಘಾತದಿಂದ ಮುಂಬೈನಲ್ಲಿ ತೀರಿಕೊಂಡರು. 81 ವರ್ಷ ವಯಸ್ಸಾಗಿತ್ತು. ಪೈ ಮತ್ತು ಅವರ ಪತ್ನಿ ಲಲಿತಾ ಅವರಿಗೆ ಮಕ್ಕಳಿರಲಿಲ್ಲ. ದೇಶದ ತುಂಬ ಲಕ್ಷಾಂತರ ಜನ ಅಂದು ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿದರು.

ನಾವು ಏನು ತೆಗೆದುಕೊಳ್ಳೋಣ?

ಕೆಲಸ ಹುಡುಕುವ ಗೆಳೆಯರಿಗೆ ನಾನು ಹೇಳಬಯಸುವುದು ಎರಡೇ ಮಾತು. ಒಂದು, ಮೊದಲ ನೌಕರಿ ಕನಸಿನ ಸಮಾಧಿಯಲ್ಲ. ಪೈ ನೇರವಾಗಿ 1954ರಿಂದ 1967ಕ್ಕೆ ಜಿಗಿಯಲಿಲ್ಲ. ನಡುವಿನ ಹದಿಮೂರು ವರ್ಷ ಇಲ್ಲದಿದ್ದರೆ ಅಮರ ಚಿತ್ರ ಕಥೆಯೂ ಇನ್ನೊಂದು ಮಾನವ್ ಆಗುತ್ತಿತ್ತೇನೋ. ಎಲ್ಲಿ ಕೆಲಸ ಸಿಕ್ಕರೂ ಪಗಾರ ಎಷ್ಟು ಎಂದು ಕೇಳುವುದರ ಜೊತೆಗೆ ಇಲ್ಲಿ ಏನು ಕಲಿಯಬಹುದು ಎಂದೂ ಕೇಳಿಕೊಳ್ಳೋಣ. ಎರಡು, ಮಾಡಿದ್ದನ್ನು ಜನರ ಕೈಗೆ ಮುಟ್ಟಿಸುವುದೂ ನಮ್ಮದೇ ಕೆಲಸ. ಕೋಡ್ ಇರಲಿ, ಕಥೆ ಇರಲಿ, ಬರೆದು ಇಟ್ಟುಕೊಂಡರೆ ಮುಗಿಯುವುದಿಲ್ಲ. ಪೆಟ್ರೋಲ್ ಬಂಕ್‌ವರೆಗೂ ಹೊತ್ತುಕೊಂಡು ಹೋಗಬೇಕು.

ನಾನೂ ಮುಂದಿನ ವರ್ಷ ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಲ್ಲುತ್ತೇನೆ. ಅಪ್ಪನಿಗೆ ನನ್ನ ಪಗಾರ ಬೇಕು, ಅದನ್ನು ಕೊಡುವುದು ನನ್ನ ಜವಾಬ್ದಾರಿ. ಜೊತೆಗೆ ನಾನು ಮತ್ತು ಇಬ್ಬರು ಗೆಳೆಯರು ಎಂಟು ಪುಟದ ಒಂದು ಚಿತ್ರಕಥೆ ಮಾಡುತ್ತಿದ್ದೇವೆ. ಕಮಲಾಪುರದ ಕೆಂಪು ಬಾಳೆ ಮಾರಲು ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಕಲಬುರಗಿ ಬಸ್ ಹತ್ತುವ ಅಜ್ಜಿಯೇ ಅದರ ನಾಯಕಿ. ಅವಳನ್ನು ನಮ್ಮ ಮಣ್ಣಿನ ಬಣ್ಣದಲ್ಲೇ ಬರೆದಿದ್ದೇವೆ. ಮಾತು ನಮ್ಮ ಕಡೆಯದೇ. ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿ ನಮ್ಮೂರ ಬಸ್ ನಿಲ್ದಾಣದ ಚಹಾ ಅಂಗಡಿ ಕಾಕಾನ ಹತ್ತಿರ ಇಡಬೇಕೆಂದಿದ್ದೇವೆ. ಕಾಕಾ ಜಾಗ ಕೊಡಲು ಒಪ್ಪಿದ್ದಾರೆ. ಮಾರಾಟವಾಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಮುಂದಿನ ನಿಲ್ದಾಣದಲ್ಲಿ ಇಡುತ್ತೇವೆ ಎಂದೆವು.